ಬೈಸಿಕೊಳ್ಳುವ ಯೋಗ

"ಇನ್ನೂ ಸ್ವಲ್ಪ ಬಿಗಿ ಮಾಡು ಮಾರಾಯ, ಬಾಯಿ ತೆರೀತಾ ಉಂಟು," ಎಂದು ಅಚ್ಚುತ ಹೇಳಿದಾಗ ರೂಪೇಶ್ ಅಪ್ಪನ ಗದ್ದದ ಕೆಳಗಿನಿಂದ ತಂದ ಬಿಳಿ ಬಟ್ಟೆಯನ್ನು ನೆತ್ತಿಯ ಮೇಲೆ ಇನ್ನೊಂದು ಸಲ ಎಳೆದು ಗಂಟು ಹಾಕಿದ. ಜಗಲಿಯಲ್ಲಿ ಕುಳಿತವರಲ್ಲಿ ಯಾರೋ ನಗು ತಡೆದುಕೊಳ್ಳಲು ಕೆಮ್ಮಿದರು. ಅವರದ್ದೇನೂ ತಪ್ಪಲ್ಲ. ಗುತ್ತಿಗಾರಿನ ಮೈದಾನದಲ್ಲಿ ಇಷ್ಟು ವರ್ಷ ಯಾರಿಂದಲೂ ಮುಚ್ಚಿಸಲು ಆಗದ ಬಾಯಿ ಅದು. ರೆಫರಿಗಳು ಸೀಟಿ ಊದಿ ಸೋತಿದ್ದರು, ಪಂಚಾಯತ್ ಮೆಂಬರು ಕೈಮುಗಿದು ಸೋತಿದ್ದರು, ಹೆಂಡತಿ ದೇವಕಿ ಮದುವೆಯಾದ ಮರುವರ್ಷವೇ ಸೋತು ಸುಮ್ಮನಾಗಿದ್ದಳು. ಅಂಥ ಕುಕ್ಕಪ್ಪ ಈಗ ಒಂದು ತುಂಡು ಬಟ್ಟೆಗೆ ಸೋತು ಮಲಗಿದ್ದ.

ಕುಕ್ಕಪ್ಪ ಆಟಗಾರನಾಗಿ ಹೆಸರು ಮಾಡಿದವನಲ್ಲ. ಬೆಳಗ್ಗೆ ಎದ್ದು ತನ್ನ ರಬ್ಬರ್ ಮರಗಳಿಗೆ ಕತ್ತಿ ಹಾಕಿ, ಅದರ ಹಾಲು ತಂದು ರಬ್ಬರ್ ಶೀಟು ಮಾಡಿ, ಉಂಡು ಒಂದು ನಿದ್ದೆ ತೆಗೆದು, ಸಂಜೆ ಹೆಗಲ ಮೇಲೆ ಬೆವರು ಒರೆಸುವ ಬೈರಾಸೊಂದನ್ನು ಹಾಕಿಕೊಂಡು ಮೈದಾನದ ಗೆರೆಯ ಹೊರಗೆ ಒಂದು ಕಲ್ಲಿನ ಮೇಲೆ ಕೂರುವ ಮನುಷ್ಯ. ಬಂಟಮಲೆ ಫುಟ್‌ಬಾಲ್ ಕ್ಲಬ್ಬಿನ ಟೀಮು ಆರಿಸುವವನು ಅವನ ಗೆಳೆಯ ಅಚ್ಚುತ. ಆದರೆ ಅಚ್ಚುತ ಆರಿಸುತ್ತಿದ್ದದ್ದು ಕುಕ್ಕಪ್ಪನ ಬೈಗುಳ ಕೇಳಿ. ಕುಕ್ಕಪ್ಪ ಯಾರ ಜನ್ಮ ಜಾಲಾಡುತ್ತಾನೋ ಅವನಲ್ಲಿ ಆಟ ಉಂಟು ಎಂದು ಲೆಕ್ಕ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ರೂಪೇಶನಿಗೂ ಗೊತ್ತಿತ್ತು.

ಅವನಿಗೆ ಗೊತ್ತಿಲ್ಲದ್ದು ಒಂದೇ. ಆರು ವರ್ಷದಿಂದ ಅದೇ ಮೈದಾನದಲ್ಲಿ ಆಡುತ್ತಿದ್ದರೂ ಅಪ್ಪ ಅವನಿಗೆ ಒಂದು ದಿನವೂ ಬೈದಿರಲಿಲ್ಲ. ಅದು ಮಗನೆಂಬ ಪ್ರೀತಿಗೋ, ಅಥವಾ ಇವನಲ್ಲಿ ಬೈಯುವಂಥದ್ದು ಏನೂ ಇಲ್ಲವೆಂದೋ? ಒಂದಲ್ಲ ಒಂದು ದಿನ ಕೇಳಿಬಿಡಬೇಕು ಎಂದುಕೊಂಡೇ ದಿನ ಹೋಗಿತ್ತು. ಈಗ ಗಂಟು ಹಾಕಿದ್ದೂ ಅವನೇ.

*

ಮನೆಯ ಮೇಲಿನ ಗುಡ್ಡೆಯಲ್ಲಿ ಚಿತೆಗೆಂದು ಕಾಟುಮಾವಿನ ಮರ ಕಡಿಯುವ ಮಿಶನ್ನಿನ ಸದ್ದು ಒಮ್ಮೆ ಏರಿ ಒಮ್ಮೆ ಇಳಿಯುತ್ತಿತ್ತು. ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತವರ ಮಾತು ಹೆಣದ ಸುತ್ತ ಒಂದು ಸುತ್ತು ಬಂದು ಫುಟ್‌ಬಾಲಿಗೆ ಹೋಗಿ ನಿಂತಿತ್ತು. ಕುಕ್ಕಪ್ಪನ ಸಾವಿಗೆ ಬಂದು ಬೇರೆ ಏನು ಮಾತಾಡುವುದು?

"ನಂಗೆ ಅವರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿ ಉಂಟು," ಪೇಟೆಯಲ್ಲಿ ಚಾದ ಹೋಟೆಲು ಇಟ್ಟಿರುವ ಹಕೀಮ್ ಹೇಳಿದ. ಒಂದು ಕಾಲದಲ್ಲಿ ಅವನು ಕ್ಲಬ್ಬಿನ ಗೋಲಿ, ಗೋಲು ಕಾಯುವವನು. "'ಬಾಲು ಹಿಡಿಲಿಕ್ಕೆ ನಿಲ್ಲಿಸಿದ್ದು ಹಕೀಮ, ಆಶೀರ್ವಾದ ಮಾಡ್ಲಿಕ್ಕೆ ಅಲ್ಲ' ಅಂತ. ಅಷ್ಟು ಜನರ ಎದುರು. ನಾನು ಒಂದು ವಾರ ಪೇಟೆಗೆ ಇಳೀಲಿಲ್ಲ. ಆ ವರ್ಷವೇ ಪುತ್ತೂರಿನ ದೊಡ್ಡ ಟೀಮಿಗೆ ಆಯ್ಕೆ ಆದದ್ದು."

"ಎಲ್ಲರೂ ನಿಮ್ಮ ಹಾಗೆ ಅಲ್ಲ ಹಕೀಮ್," ಎಂದರು ಮುರಳಿಕೃಷ್ಣ ಮಾಸ್ಟ್ರು. ಕ್ಲಬ್ಬಿನ ಕಾರ್ಯದರ್ಶಿ ಅವರು. "ನನ್ನ ತಮ್ಮನಿಗೆ ಒಂದೇ ಸಲ ಹೇಳಿದ್ದು. ಅವ ಬೂಟು ಕೆರೆಗೆ ಬಿಸಾಡಿ ಬಂದ, ಮತ್ತೆ ಆಡ್ಲೇ ಇಲ್ಲ. ತಪ್ಪು ತೋರಿಸುದು ಬೇರೆ, ಮಾನ ತೆಗೆಯುದು ಬೇರೆ ಅಲ್ವಾ? ಈಗಿನ ಮಕ್ಕಳು ತಡ್ಕೊಳ್ಳುದಿಲ್ಲ."

"ಒಳ್ಳೆ ರೀತಿಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ ಮಾಸ್ಟ್ರೆ?" ಎಂದ ಹಕೀಮ್.

"ಬೈಸಿಕೊಂಡವರದ್ದು ಆದ್ರೂ ಅಡ್ಡಿಯಿಲ್ಲ," ಎಂದ ಮೊಬೈಲ್ ಅಂಗಡಿಯ ಒಬ್ಬ. "ನನಗೆ ಎಂತ ಹೇಳಿದ್ರು ಗೊತ್ತುಂಟಾ? 'ಪಾಪ, ಒಳ್ಳೆ ಹುಡುಗ.' ಅಷ್ಟೇ. ಕುಕ್ಕಪ್ಪಣ್ಣ ಒಳ್ಳೆ ಹುಡುಗ ಅಂದ್ರೆ ಅವನ ಆಟ ಮುಗೀತು ಅಂತ ಅರ್ಥ. ಮರುದಿನವೇ ಹೋಗಿ ಅಂಗಡಿ ಹಾಕಿದೆ."

ಎಲ್ಲರೂ ನಕ್ಕರು. ಹಿಂದೆ ಕುಳಿತ ಒಬ್ಬರು ಮಾತ್ರ ನಗಲಿಲ್ಲ. "ನಗುದೆಂತ ಬಂತು? ನಿನ್ನೆ ಆ ಮಿದ್ಲಾಜ್ ಅಷ್ಟು ಎದುರು ಮಾತಾಡದಿದ್ರೆ ಇವರು ಇವತ್ತು ಎದ್ದು ರಬ್ಬರಿಗೆ ಹೋಗ್ತಿದ್ರು."

ಹಕೀಮ್ ಚಾದ ಗ್ಲಾಸನ್ನು ಕೆಳಗಿಟ್ಟ. ಮಿದ್ಲಾಜ್ ಅವನ ತಂಗಿಯ ಮಗ. "ಡಾಕ್ಟ್ರು ಹಾರ್ಟ್ ಅಂತ ಹೇಳಿದ್ದು," ಎಂದ ಮೆಲ್ಲಗೆ.

"ಹಾರ್ಟಿಗೂ ಒಂದು ಕಾರಣ ಬೇಡ್ವಾ?"

ನಿನ್ನೆ ನಡೆದದ್ದನ್ನು ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಭಾನುವಾರದ ಆಟದಲ್ಲಿ ಗೋಲಿನ ಬಾಯಲ್ಲೇ ಎಡಗಾಲಿಗೆ ಬಂದ ಬಾಲನ್ನು ಮಿದ್ಲಾಜ್ ಬಲಗಾಲಿಗೆ ತಿರುಗಿಸಿಕೊಳ್ಳಲು ಹೋಗಿ ಕಳಕೊಂಡ. ಕುಕ್ಕಪ್ಪ ಕಲ್ಲಿನಿಂದ ಎದ್ದು ನಿಂತು, "ಎಡಗಾಲು ಮನೆಯಲ್ಲಿ ಒಣಗ್ಲಿಕ್ಕೆ ಹಾಕಿ ಬಂದದ್ದಾ?" ಎಂದು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಎಂದೂ ಎದುರಾಡದ ಹದಿನೆಂಟರ ಹುಡುಗ ಆಟ ಬಿಟ್ಟು ನೇರ ಗೆರೆಯ ಹತ್ತಿರ ಬಂದ. "ನಾನು ನಿಮಗೆ ಎಂತ ಮಾಡಿದ್ದೇನೆ? ನನ್ನನ್ನು ಮಾತ್ರ ಯಾಕೆ? ನಿಮ್ಮ ಮಗನಿಗೆ ಒಂದು ದಿನವಾದ್ರೂ ಹೇಳಿದ್ದುಂಟಾ?" ಎಂದು ಅಂಗಿ ತೆಗೆದು ಕುಕ್ಕಪ್ಪನ ಕಾಲ ಬುಡದಲ್ಲಿ ಹಾಕಿ ಹೋದ. ಕುಕ್ಕಪ್ಪ ಮತ್ತೆ ಮಾತಾಡಲಿಲ್ಲ. ಸಂಜೆ ಮನೆಯಲ್ಲಿ ಎದೆ ಹಿಡಿದುಕೊಂಡು ಕುಳಿತವನು, ಜೀಪು ಸುಳ್ಯದ ಆಸ್ಪತ್ರೆ ಮುಟ್ಟುವಾಗ ಜೀವಂತ ಇರಲಿಲ್ಲ.

"ಅವನು ನಿನ್ನೆಯಿಂದ ಅನ್ನ ಮುಟ್ಟಲಿಲ್ಲ," ಎಂದ ಹಕೀಮ್.

ಮಾಸ್ಟ್ರು ಅಚ್ಚುತನ ಕಡೆಗೆ ಬಾಗಿದರು. "ಜಿಲ್ಲೆಯ ಕ್ಯಾಂಪಿಗೆ ಕ್ಲಬ್ಬಿನಿಂದ ಒಬ್ಬನ ಹೆಸರು ಇವತ್ತು ಸಂಜೆಯೊಳಗೆ ಹೋಗ್ಬೇಕು. ನಾನು ಹೇಳುದು, ರೂಪೇಶನ ಹೆಸರು ಕೊಡುವ. ಕುಕ್ಕಪ್ಪಣ್ಣನಿಗೆ ನಾವು ಮಾಡುವ ಗೌರವ ಅದು. ಆ ಮಿದ್ಲಾಜನನ್ನು ಕಳಿಸಿದ್ರೆ ಊರವರು ಎಂತ ಹೇಳ್ತಾರೆ?"

"ಅದು ಸರಿ," ಎಂದರು ಮೂರು ನಾಲ್ಕು ಜನ.

"ಮೊದಲು ಇದು ಆಗ್ಲಿ," ಎಂದು ಅಚ್ಚುತ ಎದ್ದ.

ಬಾವಿಯಿಂದ ನೀರು ತರುತ್ತಿದ್ದ ರೂಪೇಶ್ ಇದನ್ನೆಲ್ಲ ಕೇಳಿಸಿಕೊಂಡ. ಅಪ್ಪನ ಹೆಣ ಜಗಲಿಯಲ್ಲಿರುವಾಗಲೇ ಅವನ ಎದೆಯೊಳಗೆ ಏನೋ ಹಿತವಾಗಿ ಕದಲಿತು. ಮರುಕ್ಷಣ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಆ ಹಿತ ಪೂರ್ತಿ ಹೋಗಲಿಲ್ಲ.

*

ಎರಡು ವರ್ಷದ ಹಿಂದೆ ಕಡಬದಲ್ಲೊಂದು ಟೂರ್ನಮೆಂಟು. ಅಪ್ಪ ಯಾಕೆ ತನಗೆ ಬೈಯುವುದಿಲ್ಲ ಎಂಬುದು ಆಗಲೇ ರೂಪೇಶನ ತಲೆ ತಿನ್ನಲು ಹತ್ತಿತ್ತು. ಗೆಳೆಯರು, "ನಿನಗೇನು ಮಾರಾಯ, ರಾಜಕುಮಾರ" ಎಂದು ತಮಾಷೆ ಮಾಡುತ್ತಿದ್ದರು. ಆ ದಿನ ಎದುರು ಟೀಮಿನ ಗೋಲಿ ಮುಂದಕ್ಕೆ ಓಡಿಬಂದು ಬಿದ್ದು, ಗೋಲು ಖಾಲಿ ಬಿದ್ದಿತ್ತು. ಬಾಲು ರೂಪೇಶನ ಕಾಲಲ್ಲಿತ್ತು. ಅಜ್ಜಿ ಬಂದು ತಳ್ಳಿದರೂ ಒಳಗೆ ಹೋಗುವ ಬಾಲು. ಅವನು ಬೇಕೆಂದೇ ಅದನ್ನು ಆಕಾಶಕ್ಕೆ ಹೊಡೆದ. ಬಾಲು ರಸ್ತೆಗೆ ಹಾರಿ, ನಿಂತಿದ್ದ ರಿಕ್ಷಾದ ಮೇಲೆ ಬಿತ್ತು. ನಂತರ ಕಿವಿ ನೆಟ್ಟಗೆ ಮಾಡಿ ಕಾದ. ಮೈದಾನವಿಡೀ ಬೊಬ್ಬೆ ಹಾಕಿತು, ಆ ಬೊಬ್ಬೆಯಲ್ಲಿ ಅಪ್ಪನ ಸ್ವರ ಇರಲಿಲ್ಲ.

ಆಟ ಮುಗಿದ ಮೇಲೆ ಕುಕ್ಕಪ್ಪ ಬಂದು ಹೆಗಲಿನ ಬೈರಾಸನ್ನು ಮಗನ ಬೆವೆತ ತಲೆಯ ಮೇಲೆ ಹಾಕಿದ. "ಸುಸ್ತಾಯ್ತಾ? ಬಾ, ಹೋಟೆಲಿನಲ್ಲಿ ಬಿಸಿ ಬನ್ಸ್ ಉಂಟು," ಎಂದ. ಅಷ್ಟು ಮೆತ್ತಗೆ ಅವನು ಹಸುವಿನ ಹತ್ತಿರವೂ ಮಾತಾಡಿದ್ದಿಲ್ಲ. ರಬ್ಬರ್ ಹಾಲಿನ ಹುಳಿ ವಾಸನೆಯ ಆ ಬೈರಾಸಿನೊಳಗೆ ರೂಪೇಶ್ ಸದ್ದಿಲ್ಲದೆ ಅತ್ತ. ಬೆವರು ಒರೆಸುತ್ತಿದ್ದಾನೆ ಎಂದು ನೋಡಿದವರು ಅಂದುಕೊಂಡರು.

ವಾಪಸು ಬರುವಾಗ ಬೈಕಿನಲ್ಲಿ ಕಡಬದಿಂದ ಗುತ್ತಿಗಾರಿನವರೆಗೂ ಕುಕ್ಕಪ್ಪ ಮಿದ್ಲಾಜನನ್ನು ಬೈದ. ಅವನ ಎಡಗಾಲಿಗೆ ಬೈದ, ಅವನ ಸೋಮಾರಿತನಕ್ಕೆ ಬೈದ, ಅವನ ತಲೆಕೂದಲಿಗೂ ಬೈದ. ಹಿಂದೆ ಕುಳಿತ ರೂಪೇಶನಿಗೆ ಒಂದೊಂದು ಬೈಗುಳವೂ ಬೇರೆಯವರ ಎಲೆಗೆ ಬಿದ್ದ ಹೋಳಿಗೆಯಂತೆ ಕಂಡಿತು.

*

ಕೊಟ್ಟಿಗೆಯ ಹಿಂದೆ ಅಚ್ಚುತ ಚಟ್ಟಕ್ಕೆ ಬಿದಿರು ಸೀಳುತ್ತಿದ್ದ. ರೂಪೇಶ್ ಹೋಗಿ ಇನ್ನೊಂದು ತುದಿ ಹಿಡಿದ.

"ನಿನ್ನಪ್ಪನೂ ಆಡ್ಲಿಕ್ಕೆ ಬಂದವನೇ, ಗೊತ್ತುಂಟಾ?" ಅಚ್ಚುತ ಕೇಳಿದ. "ನನ್ನ ಜೊತೆಗೇ ಬಂದದ್ದು. ಎರಡು ವರ್ಷ ಹೊರಗೆ ಕೂತು ನಮ್ಮ ಚಪ್ಪಲಿ ಕಾದ. ಕಡೆಗೆ ಒಂದು ದಿನ ಇಳಿಸಿದ್ರು. ಬಾಲು ಒಂದು ಸಲ ಕಾಲಿಗೆ ತಾಗಿತು, ಆಟ ಮುಗೀತು. ಚೆಂದ ಆಡಿದ ಅಂತ ಯಾರೂ ಹೇಳ್ಲಿಲ್ಲ, ಹಾಳು ಮಾಡಿದ ಅಂತಲೂ ಹೇಳ್ಲಿಲ್ಲ. ಮನೆಗೆ ಹೋಗುವಾಗ ಹೇಳಿದ, 'ಬೈಸಿಕೊಳ್ಳಲಿಕ್ಕೂ ಯೋಗ ಬೇಕು ಅಚ್ಚುತ.' ಮತ್ತೆ ಅವ ಬೂಟು ಹಾಕ್ಲಿಲ್ಲ."

ರೂಪೇಶ್ ಬಿದಿರನ್ನು ಬಿಗಿಯಾಗಿ ಹಿಡಿದ. "ಮಾವ, ಒಂದು ಕೇಳ್ಲಾ? ನನ್ನ ಆಟದ ಬಗ್ಗೆ ಅಪ್ಪ ನಿಮ್ಮ ಹತ್ರ ಎಂತ ಹೇಳ್ತಿದ್ರು?"

"ನಿನ್ನ ಬಗ್ಗೆಯಾ?" ಅಚ್ಚುತ ಕತ್ತಿ ಎತ್ತಿದ. ಸತ್ತ ಮನೆಯ ಮಗನಿಗೆ ಎರಡು ಒಳ್ಳೆಯ ಮಾತು ಹೇಳಬೇಕೆಂಬ ಆತುರ ಅವನಿಗೆ. "ನಿನ್ನ ಮಾತು ಬಂದಾಗೆಲ್ಲ ಹೇಳ್ತಿದ್ದ ಮಾರಾಯ. ಒಳ್ಳೆ ಹುಡುಗ, ಒಳ್ಳೆ ಹುಡುಗ ಅಂತ."

ಹೇಳಿ ಮುಗಿಸಿದ ಮೇಲೆ ಅಚ್ಚುತನ ಕತ್ತಿ ಬಿದಿರಿನ ಅರ್ಧದಲ್ಲೇ ನಿಂತಿತು. ಅವನು ತಲೆ ಎತ್ತಲಿಲ್ಲ. ಮೇಲಿನ ಗುಡ್ಡೆಯಲ್ಲಿ ಮಾವಿನ ಮರ ಲಟಲಟನೆ ಮುರಿದು ನೆಲಕ್ಕೆ ಬಿದ್ದ ಸದ್ದು ಬಂತು.

"ಎಳೀರಿ ಮಾವ," ಎಂದ ರೂಪೇಶ್. "ನಾನು ಹಿಡ್ಕೊಂಡಿದ್ದೇನೆ."

ಅಪ್ಪನ ಮೇಲೆ ಅವನಿಗೆ ಸಿಟ್ಟು ಬಂತು. ಮಗನಿಗೋಸ್ಕರ ಒಂದು ಸಲ, ಒಂದೇ ಒಂದು ಸಲ, ಸುಳ್ಳು ಬೈದಿದ್ದರೆ ಏನು ಹೋಗುತ್ತಿತ್ತು? ಚಪ್ಪಲಿ ಕಾದವನಿಗೆ ಆ ಸಂಕಟ ಗೊತ್ತಿರಲಿಲ್ಲವೇ? ಗೊತ್ತಿದ್ದುದರಿಂದಲೇ ಬೈರಾಸು ಹಾಕಿದ್ದೇನೋ. ಅದನ್ನು ನೆನೆದಾಗ ಸಿಟ್ಟು ಹೋಗಿ ಅದಕ್ಕಿಂತ ಕೆಟ್ಟದ್ದೊಂದು ಎದೆಯಲ್ಲಿ ಕುಳಿತಿತು.

*

ಬಾಯಿಗೆ ತುಳಸಿ ನೀರು ಬಿಡುವಾಗ ದೇವಕಿ ಗಂಡನ ಗದ್ದದ ಬಟ್ಟೆಯನ್ನು ಒಂದಿಷ್ಟು ಸಡಿಲಿಸಿ, "ಈಗ ಎಂತಾದ್ರೂ ಹೇಳಿ," ಎಂದು ಅತ್ತಳು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಗಂಡಸರೂ ಮುಖ ತಿರುಗಿಸಿದರು. ಚಟ್ಟ ಗುಡ್ಡೆ ಏರಿತು. ಮಾವಿನ ಹಸಿ ಸೌದೆಗೆ ತೆಂಗಿನ ಚಿಪ್ಪು, ಎಣ್ಣೆ ಹಾಕಿದರು. ರೂಪೇಶ್ ಕೊಳ್ಳಿ ಇಟ್ಟ. ಮೊದಲು ಬರೀ ಹೊಗೆ ಬಂತು, ಆಮೇಲೆ ಬೆಂಕಿ ಹಿಡಿಯಿತು.

ಕೊಳ್ಳಿ ಇಟ್ಟವನು ತಿರುಗಿ ನೋಡದೆ ಇಳಿದು ಹೋಗಿ ಸ್ನಾನ ಮಾಡಬೇಕು. ರೂಪೇಶ್ ಒದ್ದೆ ಪಂಚೆಯಲ್ಲಿ ಇಳಿಯುತ್ತಿದ್ದಾಗ ರಬ್ಬರಿನ ಕೊನೆಯ ಸಾಲಿನಲ್ಲಿ ಮಿದ್ಲಾಜ್ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಕಾಲಿಗೆಲ್ಲ ಜಿಗಣೆಯಂಥ ಇಂಬಳ ಹತ್ತಿ ರಕ್ತ ಇಳಿದಿತ್ತು. ಹಿಂದಿನಿಂದ ಬರುತ್ತಿದ್ದವರ ಕಾಲು ನಿಧಾನವಾಯಿತು. ಹಕೀಮ್ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ರೂಪೇಶ, ಈಗ ಎಂತದ್ದೂ ಬೇಡ," ಎಂದರು ಮಾಸ್ಟ್ರು ಹಿಂದಿನಿಂದ.

"ರೂಪೇಶಣ್ಣ," ಎಂದ ಮಿದ್ಲಾಜ್. "ನಾನು ನಿನ್ನೆ ಹಾಗೆ ಹೇಳ್ಬಾರ್ದಿತ್ತು. ನಾನು ಇನ್ನು ಆಡುದಿಲ್ಲ. ಬಾಲು ಮುಟ್ಟುದಿಲ್ಲ."

ರೂಪೇಶ್ ಅವನನ್ನು ನೋಡಿದ. 'ನೀನೇ ಕೊಂದದ್ದು' ಎಂದರೆ ಸಾಕಿತ್ತು. ಅಲ್ಲ ಎನ್ನುವವರು ಅಲ್ಲಿ ಹಕೀಮ್ ಒಬ್ಬನೇ. ಏನೂ ಹೇಳದೆ ಮುಂದೆ ಹೋದರೂ ಸಾಕಿತ್ತು, ಸಂಜೆಗೆ ಹೆಸರು ತಾನಾಗಿಯೇ ಹೋಗುತ್ತಿತ್ತು. ಆ ಹೆಸರಿಗಾಗಿ ಅವನು ಆರು ವರ್ಷ ಓಡಿದ್ದ. ಬಾಯಿ ತೆರೆದಾಗ, ಹೊಗೆ ಕುಡಿದು ಒಡೆದ ಗಂಟಲಿನಿಂದ ಬಂದ ಸ್ವರ ಅವನದ್ದಾಗಿರಲಿಲ್ಲ.

"ಆಡುದಿಲ್ವಾ? ನಿನ್ನೆ ಆಡಿದ್ದನ್ನು ಆಟ ಅಂತ ಹೇಳಿದವರು ಯಾರು ನಿಂಗೆ? ಗೋಲಿನ ಬಾಯಲ್ಲಿ ಎಡಗಾಲಿಗೆ ಬಂದ ಬಾಲನ್ನು ಬಲಗಾಲಿಗೆ ಎಳೀಲಿಕ್ಕೆ ಅದೇನು ಕಟ್ಟಿದ ಕರುವಾ? ಎರಡು ಕಾಲು ಕೊಟ್ಟದ್ದು ಎಂತಕ್ಕೆ, ಒಂದು ಆಡ್ಲಿಕ್ಕೆ, ಒಂದು ಚೆಂದಕ್ಕಾ? ಹೋಗು, ಶಾಲೆಯ ಗೋಡೆಗೆ ಹೊಡಿ. ಎಡಗಾಲಲ್ಲಿ ಹೊಡಿ. ಉಗುರು ಹಾರುವವರೆಗೆ ಹೊಡಿ. ಸೋಮಾರಿ. ಮೊದಲು ಹೋಗಿ ಉಣ್ಣು."

ಗುಡ್ಡೆಯಲ್ಲಿ ಸೌದೆ ಸಿಡಿಯಿತು. ಈ ಬೈಗುಳದ ಅರ್ಥ ಅಲ್ಲಿದ್ದ ಒಬ್ಬೊಬ್ಬನಿಗೂ ಗೊತ್ತಿತ್ತು. ಮಿದ್ಲಾಜ್ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಸಣ್ಣ ಮಗುವಿನ ಹಾಗೆ ಗಟ್ಟಿಯಾಗಿ ಅಳತೊಡಗಿದ. ಹಕೀಮ್ ಅವನ ಪಕ್ಕದಲ್ಲಿ ಕುಳಿತ. ಅಚ್ಚುತ ಕಣ್ಣು ಒರೆಸಿಕೊಂಡು, ಕ್ಯಾಂಪಿಗೆ ಹೆಸರು ಕಳಿಸಲು ಕಿಸೆಯಿಂದ ಮೊಬೈಲು ತೆಗೆದು, ಮಾಸ್ಟ್ರ ಮುಖವನ್ನೊಮ್ಮೆ ನೋಡಿದ. ಮಾಸ್ಟ್ರು ಆಗಲಿ ಎಂಬಂತೆ ತಲೆಯಾಡಿಸಿದರು.

ರೂಪೇಶ್ ನಿಲ್ಲದೆ ಇಳಿದ. ಬಾವಿಕಟ್ಟೆಯಲ್ಲಿ ಕುಳಿತ ಅವನ ನೆತ್ತಿಗೆ ಯಾರೋ ಕೊಡಗಟ್ಟಲೆ ನೀರು ಹೊಯ್ದರು. ಚಳಿಗೆ ನಡುಗುತ್ತಿದ್ದ ಮಗನನ್ನು ಕಂಡು ದೇವಕಿ, ಅಂಗಳದ ಹಗ್ಗದ ಮೇಲೆ ನಿನ್ನೆಯಿಂದ ಯಾರೂ ಮುಟ್ಟದೆ ಬಿಟ್ಟಿದ್ದ ಬೈರಾಸನ್ನು ಎಳೆದು ತಂದು ಅವನ ತಲೆಯ ಮೇಲೆ ಹಾಕಿದಳು. "ಒರೆಸ್ಕೋ ಮಗ, ಶೀತ ಆಗ್ತದೆ," ಎಂದಳು.

ಒಳಗೆ ಅದೇ ಕತ್ತಲೆ, ರಬ್ಬರ್ ಹಾಲಿನ ಅದೇ ಹುಳಿ ವಾಸನೆ. ಬೈರಾಸು ಮೂಗಿನವರೆಗೆ ಇಳಿದಿತ್ತು. ರೂಪೇಶ್ ಅದನ್ನು ತೆಗೆಯಲೂ ಇಲ್ಲ, ತಲೆ ಒರೆಸಿಕೊಳ್ಳಲೂ ಇಲ್ಲ. ಹಾಗೆಯೇ ಕುಳಿತ.