ಗೌರವ್ವನ ಮಗ್ಗದ ಕಿವಿ

ವಡಗಾವಿಯ ನೇಕಾರ ಓಣಿಯಲ್ಲಿ ಸದ್ದಿಗೆ ಬರವಿಲ್ಲ. ಬೆಳಗಾದರೆ ಮನೆಮನೆಯಲ್ಲೂ ಮಗ್ಗಗಳು ಖಟಖಟ ಎನ್ನುತ್ತವೆ. ಶ್ರಾವಣ ಬಂತೆಂದರೆ ಅದರ ಮೇಲೆ ಇನ್ನೊಂದು ಸದ್ದು ಏರುತ್ತದೆ. ಗಣಪತಿ ಹಬ್ಬಕ್ಕೆ ಢೋಲ್-ತಾಶಾ ಪಥಕದ, ಅಂದರೆ ವಾದ್ಯತಂಡದ ತಾಲೀಮು! ಸಂಜೆ ಬಯಲಿನಲ್ಲಿ ಹುಡುಗ ಹುಡುಗಿಯರು ಢೋಲು ಕಟ್ಟಿಕೊಂಡು ನಿಂತರೆ ಸಾಕು, ಓಣಿಯ ಅಡುಗೆಮನೆಗಳಲ್ಲಿ ಚರಿಗೆ, ತಾಟು ತಾವಾಗಿಯೇ ಕುಣಿಯುತ್ತವೆ. "ತಲಿ ಚಿಟ್ಟ ಹಿಡೀತು" ಎಂದು ಯಾರಾದರೂ ಗೊಣಗಿದರೆ ಗೌರವ್ವ ಅವರ ಮೇಲೆ ಏರಿ ಹೋಗುತ್ತಿದ್ದಳು. ಯಾಕೆಂದರೆ ಆ ಪಥಕದ ತಾಶಾ ಬಾರಿಸುವವನು ಅವಳ ಮಗ ಚೇತನ, ಡಿಗ್ರಿ ಕಾಲೇಜಿನ ಹುಡುಗ.

ತಾಶಾ ಎಂದರೆ ಕೊರಳಿಗೆ ತೂಗುಹಾಕಿಕೊಂಡು ಎರಡು ತೆಳ್ಳನೆಯ ಕಡ್ಡಿಯಿಂದ ಬಾರಿಸುವ ಸಣ್ಣ ವಾದ್ಯ. ನೋಡಲು ಸಣ್ಣದು, ಆದರೆ ಯಜಮಾನಿಕೆ ಅದರದೇ. ತಾಶಾ ಓಡಿಸಿದ ಹಾಗೆ ಢೋಲುಗಳು ಓಡಬೇಕು. ಈ ಸಲ ಆ ಪಥಕಕ್ಕೆ ಖಾನಾಪುರದಿಂದ ಕರೆ ಬಂದಿತ್ತು. ಚೌತಿಯ ದಿನ ಅಲ್ಲಿ ಗಣಪತಿಯನ್ನು ಮೆರವಣಿಗೆಯಲ್ಲಿ ತರುವಾಗ ಇವರೇ ಬಾರಿಸಬೇಕು. ಗೌರವ್ವನ ತವರು ಅದೇ ತಾಲೂಕಿನ ಪಾರಿಶ್ವಾಡ. ಇನ್ನು ಕೇಳಬೇಕೇ? ಅಣ್ಣನ ಹೆಂಡತಿ ಶಿವಬಸವ್ವನಿಗೆ ಅಂದೇ ಫೋನು ಹೋಯಿತು.

"ವೈನಿ, ಊರ ಮಂದೀನ್ನೆಲ್ಲಾ ಕರಕೊಂಡ ಬಾ! ಎಲ್ಲಾರಕಿಂತ ಮುಂದ ನಿಂತ ತಾಶಾ ಬಾರಸಾಂವ ಯಾರಂತಿ? ನಿನ್ನ ಅಳಿಯಾ!"

ಫೋನು ಇಟ್ಟವಳೇ ಬಾಜೂ ಮನೆಯ ಸಪ್ನಾಳನ್ನು ಕರೆದು ಅದೇ ಸುದ್ದಿಯನ್ನು ಮತ್ತೊಮ್ಮೆ ಹೇಳಿದಳು. ಸಪ್ನಾ ಸರಕಾರಿ ಆಸ್ಪತ್ರೆಯಲ್ಲಿ, ಚಟ ಬಿಡಿಸುವ ವಿಭಾಗದಲ್ಲಿ ನರ್ಸ್. ಮಾತು ಕಡಿಮೆ, ಕಣ್ಣು ಚುರುಕು.

"ಈಗೀಗ ಮಗಾ ಭಾಳ ಖುಷಿ ಅದಾನ ಸಪ್ನಾ," ಎಂದಳು ಗೌರವ್ವ. "ಸಣ್ಣ ಮಾತಿಗೂ ಬಿದ್ದ ಬಿದ್ದ ನಗತಾನ. ಮೊದಲ ಒಂದ ರೊಟ್ಟಿ ತಿನ್ನಾಕ ಹತ್ತ ಸಲ ಕರೀಬೇಕಿತ್ತು. ಈಗ ತಾಲೀಮ ಮುಗಿಸಿ ಬಂದ್ರ ಬುಟ್ಟೀನ ಖಾಲಿ ಮಾಡತಾನ!"

ಸಪ್ನಾ ನಗಲಿಲ್ಲ. "ಕಣ್ಣ ಕೆಂಪ ಇರತಾವೇನ್ರೀ ಕಾಕೂ?"

"ಇರತಾವ. ಮಗ್ಗದ ಧೂಳ."

"ಚೇತನ ಮಗ್ಗದ ಹಂತೇಲಿ ಕುಂತು ಎಷ್ಟ ದಿನಾ ಆತ್ರೀ?"

ಚೇತನ ಮಗ್ಗದ ಕಡೆ ತಿರುಗಿ ನೋಡದೆ ತಿಂಗಳುಗಳೇ ಆಗಿದ್ದವು.

"ಸಿಟ್ಟಾಗಬ್ಯಾಡ್ರಿ," ಎಂದಳು ಸಪ್ನಾ ಮೆಲ್ಲಗೆ. "ಅಂವಾ ಗಾಂಜಾ ಸೇದತಿರಬಹುದು ಅನಸ್ತೈತಿ ನನಗ."

ಸಿಟ್ಟಾಗಬೇಡಿ ಎಂದರೆ ಗೌರವ್ವ ಸುಮ್ಮನಿರುವವಳೇ? "ಹಸದ ಬಂದ ಉಂಡ್ರ ಗಾಂಜಾ? ನಕ್ಕರ ಗಾಂಜಾ? ನಿಮ್ಮ ದವಾಖಾನಿಯವರಿಗೆ ಚಂದ ಇರೂ ಹುಡುಗೂರೂ ರೋಗಿಗೋಳಂಗ ಕಾಣತಾರೇನ?"

"ಒಂದೊಂದ ನೋಡಿದ್ರ ಏನೂ ಅಲ್ರೀ ಕಾಕೂ. ಎಲ್ಲಾ ಕೂಡೇ ಬಂದ್ರ ಮಾತ್ರ ವಿಚಾರ ಮಾಡಬೇಕಾಗತೈತಿ."

ಒಳಗೆ ಮಗ್ಗ ನಿಲ್ಲಿಸಿ ಗೌರವ್ವನ ಗಂಡ ಬಸಯ್ಯ ಹೊರಗೆ ಬಂದ. "ಸೇದಿದ್ರರ ಏನಾತು? ಸಾಧುಗೋಳ ಸೇದೂದಿಲ್ಲೇನ? ಸೆರೆ ಕುಡಿಯೂದಲ್ಲ, ಏನಲ್ಲ. ಗಿಡದ ಸೊಪ್ಪ ಅದು."

"ದತ್ತೂರೀನೂ ಗಿಡದ ಸೊಪ್ಪ ರೀ ಕಾಕಾ. ಪಲ್ಯಾ ಮಾಡಕೊಂಡ ತಿಂತೀರೇನ?"

ಹೆಂಡತಿ ಮಗ ಸೇದುವುದೇ ಇಲ್ಲ ಎಂದಳು. ಗಂಡ ಸೇದಿದರೆ ತಪ್ಪೇನು ಎಂದ. ಇಬ್ಬರೂ ಒಬ್ಬರ ಮಾತು ಒಬ್ಬರು ಕೇಳಿಸಿಕೊಳ್ಳದೆ ಸೇರಿ ಜಗಳಕ್ಕೆ ನಿಂತರು. ಸಪ್ನಾ ಜಗಳವಾಡಲಿಲ್ಲ. ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದಳು.

"ಕಾಕೂ, ನಿಮ್ಮ ಕಿವಿ ಓಣಿಗೆಲ್ಲಾ ಗೊತ್ತೈತಿ. ಇವತ್ತ ಸಂಜೀಕ ತಾಲೀಮಿಗೆ ಬರ್ರಿ. ತಾಯಿ ಕಿವಿ ಮನ್ಯಾಗ ಇಟ್ಟ ಬರ್ರಿ, ಮಗ್ಗದ ಕಿವಿ ತಗೊಂಡ ಬರ್ರಿ."

ಗೌರವ್ವನ ಕಿವಿ ಅಂಥದ್ದೇ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಲೇ "ಅಲ್ರೀ, ಎಳಿ ಹರೀತ ನೋಡ್ರಿ!" ಎಂದು ಕೂಗುವಳು. ಬಸಯ್ಯ ಬಗ್ಗಿ ನೋಡಿದರೆ ನೂಲು ಹರಿದಿರುತ್ತಿತ್ತು. ಮಗ್ಗದ ಸದ್ದಿನಲ್ಲಿ ಎಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಅವಳಿಗೆ ಚಿವುಟಿದ ಹಾಗಾಗುತ್ತಿತ್ತು.

ಸಪ್ನಾಳ ಸೊಕ್ಕು ಮುರಿಯಬೇಕೆಂದೇ ಗೌರವ್ವ ಸಂಜೆ ಬಯಲಿಗೆ ಹೋದಳು. ಮಗನಿಗೆ ಕಾಣದ ಹಾಗೆ ಹುಣಸೆಮರದ ಹಿಂದೆ ನಿಂತಳು. ಪಥಕದ ಮುಖ್ಯಸ್ಥೆ ಪೂನಮ ಕೈ ಎತ್ತಿದಳು. ಧಡಾಂ! ಢೋಲುಗಳು ಒಮ್ಮೆಲೇ ಎದ್ದವು. ನೆಲ ನಡುಗಿತು, ಮರದ ಮೇಲಿನ ಹಕ್ಕಿಗಳೆಲ್ಲ ಹಾರಿದವು. ಗೌರವ್ವನ ಮೈಮೇಲೆ ಮುಳ್ಳೆದ್ದವು. ಆಹಾ, ನನ್ನ ಮಗ! ಅವಳ ಕಾಲು ತಾನಾಗಿಯೇ ಹೆಜ್ಜೆ ಹಾಕಿತು. ಆಮೇಲೆ ಸಪ್ನಾಳ ಮಾತು ನೆನಪಾಗಿ ಕಣ್ಣು ಮುಚ್ಚಿದಳು.

ಕಣ್ಣು ಮುಚ್ಚಿದ್ದೇ ತಪ್ಪಾಯಿತು. ತಾಶಾ ಮುಂದೆ ಓಡುತ್ತಿತ್ತು. ಢೋಲುಗಳು ಬೆನ್ನು ಹತ್ತಿ ಹೋಗಿ ಮುಟ್ಟುವಷ್ಟರಲ್ಲಿ ತಾಶಾ ಹಿಂದೆ ಬಿದ್ದಿತ್ತು. ಒಮ್ಮೆ ಅವಸರ, ಒಮ್ಮೆ ತಡ, ನಡುವೆ ಒಂದು ಕಡೆ ಏನೂ ಇಲ್ಲ. ಎಳಿ ಹರೀತು, ಮತ್ತ ಎಳಿ ಹರೀತು ಎಂದು ಅವಳ ಒಳಗೆ ಯಾರೋ ಕೂಗುತ್ತಿದ್ದರು. ಪೂನಮ ಎರಡು ಸಲ ನಿಲ್ಲಿಸಿ ಮೊದಲಿನಿಂದ ಶುರು ಮಾಡಿಸಿದಳು. ಎರಡು ಸಲವೂ ಅದೇ ಕತೆ.

ತಾಲೀಮು ಮುಗಿಯಿತು. ತಾಯಿಯನ್ನು ಕಂಡ ಚೇತನ ಬೆವರು ಸುರಿಸುತ್ತ ಓಡಿ ಬಂದ. ಮುಖದಲ್ಲಿ ಹಬ್ಬದ ಕಳೆ.

"ಅವ್ವಾ, ಕೇಳಿದಿ? ಹೆಂಗಿತ್ತ ಹೇಳ! ಇವತ್ತಿನಂಗ ನಾ ಯಾವತ್ತೂ ಬಾರಿಸಿಲ್ಲವ್ವಾ! ಕೈ ತಾವ ಹೊಂಟಿದ್ವು!"

ಗೌರವ್ವ ಅವನ ಕೆಂಪು ಕಣ್ಣು ನೋಡಿದಳು. ಮಗ ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಖರೇನೇ ಹಾಗೆ ಕೇಳಿಸಿತ್ತು! ತಪ್ಪು ಬಾರಿಸಿದ್ದಕ್ಕೆ ಅವಳಿಗೆ ಅಷ್ಟು ದುಃಖವಾಗಲಿಲ್ಲ. ತಪ್ಪಿದ್ದು ಅವನಿಗೆ ಗೊತ್ತೇ ಆಗಿಲ್ಲವಲ್ಲ ಎಂದು ದುಃಖವಾಯಿತು. ಅವಳು ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಅವಳೇ ಸಪ್ನಾಳನ್ನು ಕರೆದಳು. ಪೂನಮ ಮೊಬೈಲಿನಲ್ಲಿ ತಾಲೀಮನ್ನು ರೆಕಾರ್ಡ್ ಮಾಡಿದ್ದಳು, ಅದನ್ನೂ ತರಿಸಿದಳು. ನಿದ್ದೆಯಿಂದ ಎದ್ದು ಚಹಾ ಕುಡಿಯುತ್ತಿದ್ದ ಚೇತನನ ಮುಂದೆ ಹಚ್ಚಿದಳು.

ಅವನು ಕೇಳಿದ. "ಇದು ನಾ ಅಲ್ಲ," ಎಂದ. ಮತ್ತೆ ಹಚ್ಚಿಸಿದ. "ಮೊಬೈಲ್ ಕೆಟ್ಟೈತಿ." ಮೂರನೆಯ ಸಲ ತಲೆ ತಗ್ಗಿಸಿ ಕೇಳಿದ. ಚಹಾ ಆರಿ ಹೋಯಿತು.

ಬಸಯ್ಯ ಕೂಡ ಕೇಳಿಸಿಕೊಂಡಿದ್ದ. "ಮಗ್ಗ ಹಿಂಗ ಓಡಿದ್ರ ಸೀರಿ ಹೆಂಗ ನೇಯೂದಪಾ?" ಎಂದ. ಧ್ವನಿ ಸಣ್ಣದಾಗಿತ್ತು.

ಆಗ ಚೇತನ ಬಾಯಿ ಬಿಟ್ಟ. ರವಿವಾರ ಗೆಳೆಯರ ಕೂಡ ಬೈಕಿನ ಮೇಲೆ ಖಾನಾಪುರದ ಅಡವಿ ಕಡೆ ತಿರುಗಲು ಹೋಗುತ್ತಿದ್ದ. ಮೊದಲು ಮಜಾಕ್ಕೆ ಒಂದು ದಮ್ಮು. ಆಮೇಲೆ ತಾಲೀಮಿಗೆ ಮೊದಲು ಒಂದು. ಈಗ ದಿನಾ. "ಸೇದಲಿಲ್ಲಂದ್ರ ಕೈ ಓಡೂದಿಲ್ಲ ಅನಸ್ತೈತಿ ಅವ್ವಾ."

ಗೌರವ್ವ ಕೈ ಎತ್ತಿದಳು. ಸಪ್ನಾ ಆ ಕೈ ಹಿಡಿದಳು.

"ಹೊಡದ್ರ ಬಿಡೂದಿಲ್ರೀ ಕಾಕೂ, ಮುಚ್ಚಿಡಾಕ ಕಲೀತಾನ. ಚೇತನ, ನಿನ್ನ ಕೈ ಕೆಟ್ಟಿಲ್ಲಪಾ. ಗಾಂಜಾ ಮೆದುಳಿಗೆ ಹೋಗಿ ಹೊತ್ತಿನ ಅಂದಾಜ ತಪ್ಪಸ್ತೈತಿ. ಒಂದ ಗಳಿಗಿ ಹತ್ತ ಗಳಿಗಿ ಅನಸ್ತೈತಿ. ಅದಕ್ಕ ನಿನಗ ಚಲೋ ಕೇಳಸ್ತು, ನಮಗ ಹಂಗ ಕೇಳಸ್ಲಿಲ್ಲ. ಹಂಗ ಸೇದಿ ಬೈಕ್ ಹೊಡಕೊಂಡ ಬರತಿದ್ದಿ ಅಲ್ಲಾ? ತಾಶಾ ತಪ್ಪಿದ್ರ ಮೊದಲಿಂದ ಶುರು ಮಾಡಬಹುದು. ಬ್ರೇಕ್ ಹಾಕೂದ ತಪ್ಪಿದ್ರ?"

"ಸಾಧುಗೋಳಿಗೆ ಏನೂ ಆಗೂದಿಲ್ಲಲ್ಲ?" ಬಸಯ್ಯ ಕೊನೆಯದೊಂದು ಎಳೆ ಹಿಡಿದ.

"ಸಾಧುಗೋಳ ಮೆದುಳ ಯಾರ ತಪಾಸ ಮಾಡ್ಯಾರ್ರೀ ಕಾಕಾ? ನಮ್ಮ ವಾರ್ಡಿಗೆ ಬರೂ ಹುಡುಗೂರನ್ನ ನಾ ದಿನಾ ನೋಡತೀನಿ. ಸುಮಾರ ಇಪ್ಪತ್ತೈದ ವರ್ಷದತನಕ ಮೆದುಳ ಬೆಳೀತಿರತೈತಿ. ಎಳೇ ವಯಸ್ಸಿನ್ಯಾಗ ದಿನಾ ಸೇದಿದ್ರ ಓದಿದ್ದ ನೆನಪ ಉಳಿಯೂದಿಲ್ಲ, ಯಾವದ್ರಾಗೂ ಮನಸ ಹತ್ತೂದಿಲ್ಲ. ಕೆಲವರಿಗೆ ವಿನಾಕಾರಣ ಅಂಜಿಕಿ, ಸಂಶಯ. ಯಾರೋ ಮಾತಾಡಿದಂಗ ಕಿವ್ಯಾಗ ಕೇಳಸ್ತೈತಿ. ಎಲ್ಲಾರಿಗೂ ಹಂಗ ಆಗೂದಿಲ್ಲ, ಖರೇ. ಯಾರಿಗೆ ಆಗತೈತಿ ಅನ್ನೂದು ಮೊದಲ ಯಾರಿಗೂ ಗೊತ್ತಾಗೂದಿಲ್ಲ."

"ದವಾಖಾನಿಗೆ ಹೋದ್ರ ಪೊಲೀಸರಿಗೆ ಹೇಳತಾರೇನ?" ಚೇತನ ತಲೆ ಎತ್ತಿ ಕೇಳಿದ. ಅವನನ್ನು ಕಾಡುತ್ತಿದ್ದ ಪ್ರಶ್ನೆ ಅದು.

"ಕಿಸೆದಾಗ ಇಟ್ಟಕೊಂಡು ಸಿಕ್ಕರ ಪೊಲೀಸ ಕೇಸ. ಬಿಡತೀನಂತ ದವಾಖಾನಿಗೆ ಬಂದ್ರ ಡಾಕ್ಟರ ನಿನ್ನ ಮಾತ ಗುಟ್ಟಾಗಿ ಇಡತಾರ. ಅಲ್ಲೆ ಬೈಯಾವರ ಯಾರೂ ಇಲ್ಲ. ನಡೀ, ಇವತ್ತ ಹೋಗೂಣು."

ಹೋದರು. ಸಪ್ನಾಳ ಜೊತೆ ಮನೆಯ ಮೂವರೂ ಹೋದರು, ಬಸಯ್ಯ ಮಗ್ಗಕ್ಕೆ ರಜೆ ಕೊಟ್ಟು ಹೋದ. ಡಾಕ್ಟರು ಚೇತನನ ಜೊತೆ ಬೇರೆಯಾಗಿ ಕುಳಿತು ಮಾತಾಡಿದರು, ತಂದೆತಾಯಿಯ ಜೊತೆಗೂ ಮಾತಾಡಿದರು. ಮತ್ತೆ ಮತ್ತೆ ಬರಲು ಹೇಳಿದರು.

ಮೊದಲ ವಾರ ಆ ಮನೆಯಲ್ಲಿ ಯಾರೂ ನೆಟ್ಟಗೆ ಮಲಗಲಿಲ್ಲ. ಚೇತನ ಸಿಡಿಸಿಡಿ ಎನ್ನುವನು, ಬೆವರುವನು, ರೊಟ್ಟಿ ಬುಟ್ಟಿ ಮುಟ್ಟದ ಹಾಗೆ ಉಳಿಯುವುದು. ಗೌರವ್ವ ಅಳುತ್ತ ಸಪ್ನಾಳ ಮನೆಗೆ ಓಡಿದಳು. "ಉಣವಲ್ಲ ನನ್ನ ಮಗಾ!"

"ಇದು ಚಟ ಬಿಡೂವಾಗಿನ ತ್ರಾಸ ರೀ. ಇದೂ ಹೋಗತೈತಿ. ಬಾಜೂಕ ಕುಂದರ್ರಿ, ಸಾಕು."

ನಡುವೆ ಒಂದು ದಿನ ಅವನು ಜಾರಿದ. ಹಳೆಯ ಗೆಳೆಯರ ಕೂಡ ಹೋಗಿ ಸೇದಿ ಬಂದ. ಆದರೆ ಮುಚ್ಚಿಡಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದ. ಗೌರವ್ವ ಈ ಸಲ ಕೈ ಎತ್ತಲಿಲ್ಲ. ಬಸಯ್ಯ ಬೈಯದೆ ಮಗನನ್ನು ಬಾಜೂಕ ಕೂಡಿಸಿಕೊಂಡು ಮಗ್ಗದ ಕಂಡಿಕೆಗೆ ನೂಲು ಸುತ್ತಿಸಿದ. ಮರುದಿನ ಮತ್ತೆ ಆಸ್ಪತ್ರೆ, ಮತ್ತೆ ಮಾತು.

ಪೂನಮ ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದಳು. "ಈ ಸಲ ತಾಶಾ ನಿನಗ ಕೊಡೂದಿಲ್ಲ ಚೇತನ. ಪಥಕ ಬಿಡಬ್ಯಾಡ. ಹಿಂದಿನ ಸಾಲಿನ್ಯಾಗ ನಿಂತ ಝಾಂಜ ಹಿಡಿ."

ಝಾಂಜ ಎಂದರೆ ಹಿತ್ತಾಳೆಯ ದೊಡ್ಡ ತಾಳ. ಹೊಸ ಹುಡುಗರಿಗೆ ಕೊಡುವಂಥದ್ದು. ಚೇತನನ ಮುಖ ಕಪ್ಪಿಟ್ಟಿತು. ಆದರೂ ಹಿಡಿದ. ದಿನಾ ಸಂಜೆ ಹೋದ, ದಿನಾ ಹಿಂದೆ ನಿಂತ.

ಬಂತು ಚೌತಿ! ಖಾನಾಪುರದ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಗುಲಾಲು ಹಾರುತ್ತಿತ್ತು, ಕನ್ನಡದಲ್ಲೂ ಮರಾಠಿಯಲ್ಲೂ ಜಯಕಾರ. ಪಾರಿಶ್ವಾಡದಿಂದ ಶಿವಬಸವ್ವ ಖರೇನೇ ಮಂದಿ ಕಟ್ಟಿಕೊಂಡು ಬಂದಿದ್ದಳು. ಬೆಳಿಗ್ಗೆ ಹೊರಡುವಾಗ ಚೇತನ ಹೇಳಿದ್ದ, "ಕೇಳಿದವರಿಗೆ ಖರೇ ಹೇಳವ್ವಾ. ನನಗೇನೂ ಬ್ಯಾಸರಿಲ್ಲ."

ಪಥಕ ಬಂತು. ಶಿವಬಸವ್ವ ಕತ್ತು ಚಾಚಿದಳು. "ಎಲ್ಲೆದಾನ ಗೌರವ್ವಾ ನನ್ನ ಅಳಿಯಾ? ಮುಂದ ಕಾಣವಲ್ಲ?"

ಕಾಲು ನೋವು, ಜ್ವರ, ಪರೀಕ್ಷೆ ಎಂದು ಹತ್ತು ಸುಳ್ಳು ಗೌರವ್ವನ ನಾಲಿಗೆಯ ತುದಿಗೆ ಬಂದವು. ತವರಿನ ಮಂದಿಯೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಗಾಂಜಾದ ಚಟಕ್ಕ ಬಿದ್ದಿದ್ದ ವೈನಿ. ದವಾಖಾನಿಗೆ ಕರಕೊಂಡ ಹೋಗೇವಿ, ಬಿಡಾಕತ್ತಾನ. ಅಲ್ಲೆ, ಎಲ್ಲಾರ ಹಿಂದ ಝಾಂಜ ಹಿಡಕೊಂಡ ನಿಂತಾನ ನೋಡ."

ಆಯಿತು, ಮಾನ ಹೋಯಿತು ಎಂದುಕೊಂಡಳು ಗೌರವ್ವ. ಅಷ್ಟರಲ್ಲಿ ವೈನಿ ಅವಳ ಕೈ ಗಟ್ಟಿಯಾಗಿ ಹಿಡಿದು ಕಿವಿಯ ಹತ್ತಿರ ಬಂದಳು. ಕಣ್ಣು ತುಂಬಿದ್ದವು.

"ಆ ನರ್ಸ್ ಬಾಯಿ ನಂಬರ್ ನನಗೂ ಕೊಡ ಗೌರವ್ವಾ. ನನ್ನ ಮಗಾ ಆಕಾಶಾನೂ ಈಗೀಗ ಭಾಳ ಉಣ್ಣಾಕತ್ತಾನ."

ಧಡಾಂ! ಢೋಲುಗಳು ಎದ್ದವು. ಗೌರವ್ವ ವೈನಿಯ ಕೈ ಬಿಡದೆ ಕಣ್ಣು ಮುಚ್ಚಿದಳು. ತಾಶಾ, ಢೋಲು, ಜಯಕಾರ, ಪಟಾಕಿ ಎಲ್ಲವನ್ನೂ ಬದಿಗೆ ಸರಿಸಿ ಅವಳ ಮಗ್ಗದ ಕಿವಿ ಹಿಂದಿನ ಸಾಲಿನ ಒಂದೇ ಒಂದು ಝಾಂಜವನ್ನು ಹುಡುಕಿ ಹಿಡಿಯಿತು. ಝಣ್! ಬೀಳಬೇಕಾದಲ್ಲೇ ಬಿತ್ತು. ಝಣ್! ಮತ್ತೆ ಅಲ್ಲೇ ಬಿತ್ತು. ಒಂದು ಎಳೆಯೂ ಹರಿಯಲಿಲ್ಲ. ನಡುರಸ್ತೆಯಲ್ಲಿ ನಿಂತು ಗೌರವ್ವ ಅಳುತ್ತ ನಕ್ಕಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಸದ್ದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಗನ ನಗು, ಹಸಿವು, ನಿದ್ದೆ, ಓದು, ಗೆಳೆಯರು ಎಲ್ಲ ಒಮ್ಮೆಲೇ ಬದಲಾದರೆ ಮಗ್ಗದ ಧೂಳಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬೇಡಿ. ಹೊಡೆಯಬೇಡಿ, ಮುಚ್ಚಿಡಬೇಡಿ, ಕೂತು ಕೇಳಿ. ಹತ್ತಿರದ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚಟ ಬಿಡಿಸಲು ನೆರವು ಬೇಕಾದರೆ 14446, ಮನಸ್ಸಿನ ತ್ರಾಸಕ್ಕೆ ಟೆಲಿ ಮನಸ್ 14416. ಎರಡೂ ಉಚಿತ. ತಮ್ಮಂದಿರೇ, ತಂಗಿಯರೇ, ಒಂದು ದಮ್ಮಿನಿಂದ ಏನೂ ಆಗುವುದಿಲ್ಲ ಎಂದು ಗೆಳೆಯ ಕೈಗೆ ಕೊಟ್ಟರೆ ಬೇಡ ಎನ್ನಿ. ಈಗಾಗಲೇ ಹಿಡಿದಿದ್ದರೆ ಇವತ್ತೇ ಮನೆಯಲ್ಲಿ ಹೇಳಿ. ಚೇತನ ಮುಂದಿನ ಗಣಪತಿಗೆ ತಾಶಾ ಹಿಡಿಯುತ್ತಾನೋ ಇಲ್ಲವೋ ಇನ್ನೂ ಗೊತ್ತಿಲ್ಲ. ಸಂಜೆಯಾದರೆ ಅಪ್ಪನ ಬಾಜೂಕ ಕುಳಿತು ಕಂಡಿಕೆ ಸುತ್ತುತ್ತಾನೆ, ಕರೆದರೆ ಎದ್ದು ಬಂದು ಎರಡು ರೊಟ್ಟಿ ತಿನ್ನುತ್ತಾನೆ. ಗೌರವ್ವನಿಗೆ ಅಷ್ಟು ಸಾಕು.