ಮಣ್ಣಿನೊಳಗಿನ ಪೆಟ್ಟು

ಪುಸ್ತಕಗಳಿಗೆ ರಟ್ಟು ಕಟ್ಟುವವರ ಮನೆಯವಳಾದ್ದರಿಂದ ಬೀದಿಯವರೆಲ್ಲ ಅವಳನ್ನು ರಟ್ಟಜ್ಜಿ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಕೆಳಗಿನ ಅಂಗಡಿಗೆ ಬೀಗ ಬಿತ್ತು. ಅಜ್ಜಿ ಸೊಸೆಯ ಜೊತೆ ಮಹಡಿಯಲ್ಲಿದ್ದಳು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಲೋಟದ ನೀರು ನಡುಗಿತು. ಸ್ವಲ್ಪ ತಡೆದು ಮತ್ತೆ ನಡುಗಿತು. ಕಾಗದ ಕತ್ತರಿಸುವ ಯಂತ್ರದ ಹಿಡಿಕೆಯನ್ನು ಗಂಡ ಎಳೆದಾಗಲೆಲ್ಲ ಮನೆ ಹೀಗೇ ಅದುರುತ್ತಿತ್ತು. ಅದೇ ಹೊತ್ತು, ಅದೇ ಲಯ.

"ನಿಮ್ಮ ಮಾವ ಕೆಲಸಕ್ಕೆ ಕೂತಿದ್ದಾರೆ ಕಣೇ," ಎಂದಳು.

"ಹಾಗಾದ್ರೆ ಊಟಕ್ಕೆ ಕರೀರಿ ಅತ್ತೆ," ಎಂದು ಸೊಸೆ ನಗಲು ಹೋದಳು. ಆದರೆ ಲೋಟ ಅವಳ ಕಣ್ಣೆದುರೇ ನಡುಗುತ್ತಿತ್ತು.

ಮರುದಿನವೂ ಹಾಗೇ ಆದಾಗ ಇಬ್ಬರೂ ಕೈಕೈ ಹಿಡಿದು ಕೆಳಗಿಳಿದು ಬೀಗ ತೆಗೆದರು. ಯಾರೂ ಇಲ್ಲ. ಯಂತ್ರದ ಮೇಲೆ ಬೆರಳು ಮೂಡುವಷ್ಟು ಧೂಳು. ಅಜ್ಜಿ ಅದರ ಕಬ್ಬಿಣಕ್ಕೆ ಅಂಗೈ ಒತ್ತಿದಳು. ಒಳಗಿನಿಂದ ಯಾರೋ ಗುದ್ದಿದಂತಾಯಿತು.

"ಅತ್ತೆ, ನೆಲಾನೂ ಅದುರ್ತಿದೆ!" ಎನ್ನುತ್ತ ಸೊಸೆ ಹೊರಗೋಡಿದಳು. ಬೀದಿಯೂ ಅದುರುತ್ತಿತ್ತು. ಕಾಲಿಗೆ ತಾಗುವ ಆ ನಡುಕವನ್ನೇ ಹಿಡಿದು ಇಬ್ಬರೂ ಕಾಲುವೆಯ ತನಕ ಹೋದರು. ಅಲ್ಲಿ ಹೊಸ ಸೇತುವೆಗೆಂದು ಮರದೆತ್ತರದ ಯಂತ್ರವೊಂದು ಕಂಬವನ್ನು ನೆಲಕ್ಕೆ ಜಡಿಯುತ್ತಿತ್ತು.

"ನಮ್ಮನೆ ಅದುರ್ತಿದೆ. ಅಷ್ಟು ದೂರಕ್ಕೆ ಇಲ್ಲಿಂದ ಏನು ಬರುತ್ತಪ್ಪಾ?" ಅಜ್ಜಿ ಅಲ್ಲಿದ್ದ ಮೇಸ್ತ್ರಿಯನ್ನು ಕೇಳಿದಳು.

ಮೇಸ್ತ್ರಿ ಪಕ್ಕದ ಗುಂಡಿಯ ನೀರಿಗೆ ಕಲ್ಲು ಹಾಕಿದ. ಅಲೆ ಎದ್ದು ಅಂಚು ಮುಟ್ಟಿತು. ತೇಲುತ್ತಿದ್ದ ಎಲೆ ಮೇಲೆದ್ದು, ಕೆಳಗಿಳಿದು, ಇದ್ದಲ್ಲೇ ಉಳಿಯಿತು.

"ನೋಡಮ್ಮಾ, ನೀರು ಎಲ್ಲೂ ಹೋಗ್ಲಿಲ್ಲ, ಪೆಟ್ಟಿನ ಬಲ ಮಾತ್ರ ಹೋಯ್ತು. ಮಣ್ಣಲ್ಲೂ ಅಷ್ಟೇ. ಒಂದೊಂದು ಕಣವೂ ಪಕ್ಕದ್ದನ್ನ ತಳ್ಳಿ ತಾನು ಇದ್ದಲ್ಲಿಗೇ ವಾಪಸ್ ಬರುತ್ತೆ. ನಿಮ್ಮನೆಗೆ ಇಲ್ಲಿಂದ ಚಿಟಿಕೆ ಮಣ್ಣೂ ಬಂದಿಲ್ಲ."

"ಯಾರೂ ಬಂದಿಲ್ಲ ಅನ್ನು," ಎಂದಳು ಅಜ್ಜಿ.

ಸೊಸೆ ನಿಟ್ಟುಸಿರುಬಿಟ್ಟಳು. "ಹೆದರ್ಬೇಡಿ, ನಾಳೆಗೆ ಮುಗಿಯುತ್ತೆ," ಎಂದ ಮೇಸ್ತ್ರಿ.

"ಇನ್ನೆರಡು ದಿನ ಹೊಡೀಬಾರ್ದಾ?" ಎಂದಳು ಅಜ್ಜಿ.

ಅವನು ಅವಳನ್ನೊಮ್ಮೆ ನೋಡಿ ಯಂತ್ರದತ್ತ ನಡೆದ.

ಆಮೇಲಿನ ಮಧ್ಯಾಹ್ನಗಳಲ್ಲಿ ಮನೆ ಮಿಸುಕಲಿಲ್ಲ. ಅಜ್ಜಿ ಅಂಗಡಿಗೆ ಇಳಿದು ಸುಮ್ಮನೆ ಕೂತಿರುತ್ತಿದ್ದಳು. ಗಂಡನ ಹೆಣ ಹೊರಟಾಗಲೂ ಕಣ್ಣೀರು ಹಾಕದವಳು ಒಂದು ದಿನ ಅಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಸೊಸೆ ಬಾಗಿಲ ತನಕ ಬಂದಳು. ಒಳಗೆ ಕಾಲಿಡಲು ಧೈರ್ಯ ಸಾಲಲಿಲ್ಲ.

"ಮೇಲೆ ಬನ್ನಿ ಅತ್ತೆ."

"ಬರ್ತೀನಿ, ನಡಿ," ಎಂದಳು ಅಜ್ಜಿ. "ಇಷ್ಟು ದಿನ ಅವರು ಇದ್ರು ಕಣೇ. ಇವತ್ತು ಹೋದ್ರು."