ತೂಕ ಸರಿಯಾಗಿತ್ತು

ಸಸಿ ಬೆಳೆಸುವ ಗಾಜಿನ ಮನೆಯ ಸಾಹೇಬರಿಗೆ ಕೆಲಸದವರು ಇಟ್ಟ ಹೆಸರು ತಕ್ಕಡಿ. ಹೆತ್ತ ತಾಯಿ ಬಂದು ನಿಂತರೂ ತೂಗಿ ನೋಡಿಯೇ ಅಮ್ಮಾ ಅನ್ನುವ ಆಸಾಮಿ. ಅವರ ಕೈಕೆಳಗೆ ಅತ್ತಿಗೆ, ನಾದಿನಿ ಇಬ್ಬರೂ ದಿನಗೂಲಿಗಳು. ಕಾಯಂ ಹುದ್ದೆ ಬಂದದ್ದು ಮಾತ್ರ ಒಂದೇ. ಯಾರ ಗೋಧಿ ಸಸಿ ನೀರಿನ ಕೊರತೆಯನ್ನು ತಾಳುತ್ತದೋ ಅವರಿಗೆ ಹುದ್ದೆ ಎಂದರು ತಕ್ಕಡಿ.

ಅತ್ತಿಗೆ ತಾನೇ ವರ್ಷಗಟ್ಟಲೆ ಆರಿಸಿ ಕೂಡಿಟ್ಟ ಬೀಜವನ್ನು ತೆಳುವಾದ ಉಪ್ಪುನೀರಿನಲ್ಲಿ ನೆನೆಸಿ, ನೆರಳಲ್ಲಿ ಆರಿಸಿ ಬಿತ್ತಿದಳು. ಹಾಗೆ ಮಾಡಿದರೆ ಸಸಿ ಒಣ ಮಣ್ಣಿಗೆ ಜಗ್ಗುವುದಿಲ್ಲ ಎಂಬುದು ಅವಳು ಮಾಡಿ ನೋಡಿದ ಸತ್ಯ. ನಾದಿನಿ ಮೊಳಕೆಗೇ ನೀರು ಕಡಿಮೆ ಕೊಟ್ಟು ಒಗ್ಗಿಸಹೊರಟಳು. ಸಸಿ ಬೆರಳುದ್ದವಾದ ಮೇಲೆ ಕುಂಡಗಳನ್ನು ಇಬ್ಬರೂ ಮುಟ್ಟುವ ಹಾಗಿರಲಿಲ್ಲ. ಬೆಳಗ್ಗೆ ತಕ್ಕಡಿಯೇ ಒಂದೊಂದನ್ನೂ ತೂಗಿ, ಗೊತ್ತುಮಾಡಿದ ತೂಕಕ್ಕೆ ಎಷ್ಟು ಕಡಿಮೆಯೋ ಅಷ್ಟೇ ನೀರು ಹಾಕುತ್ತಿದ್ದರು.

ಮೊದಲ ಸಂಜೆಯೇ ನಾದಿನಿ ಹಾದಿಯ ಜಲ್ಲಿಕಲ್ಲು ಆರಿಸಿ ಅತ್ತಿಗೆಯ ಕುಂಡಗಳ ಮಣ್ಣಿನೊಳಗೆ ಒಂದೊಂದನ್ನೇ ಒತ್ತಿದಳು. ಹಾಡು ಗುನುಗಿಕೊಂಡೇ ಒತ್ತಿದಳು. ಅಂದಿನಿಂದ ಅವಕ್ಕೆ ಹನಿ ನೀರು ಬೀಳಲಿಲ್ಲ.

“ಸರ್, ಮಣ್ಣು ಬಿರುಕು ಬಿಟ್ಟಿದೆ. ಒಂದು ಲೋಟ ಹಾಕಿ,” ಎಂದು ಅತ್ತಿಗೆ ಬೇಡಿಕೊಂಡಳು.

“ತೂಕ ಸರಿಯಾಗಿದೆಯಮ್ಮ. ನಿನ್ನ ಕಣ್ಣು ನಂಬ್ಲಾ, ಇದನ್ನ ನಂಬ್ಲಾ?”

“ಬೆರಳಾದ್ರೂ ಹಾಕಿ ನೋಡಿ ಸರ್.”

“ಯಾರಾದ್ರೂ ಮುಟ್ಟಿದ್ರೆ ಮನೆಗೆ ಕಳಿಸ್ತೀನಿ, ಹುಷಾರು.”

ಮನೆಯಲ್ಲಿ ನಾದಿನಿ ಅತ್ತಿಗೆಯ ತಟ್ಟೆಗೆ ಇನ್ನಷ್ಟು ಬಡಿಸಿ, “ತಿನ್ನಿ ಅತ್ತಿಗೆ, ಸೊರಗಿಹೋಗಿದೀರ” ಎನ್ನುತ್ತಿದ್ದಳು. ಹಾವಿಗೂ ನಾಚಿಕೆಯಾಗಬೇಕು.

ಕೊನೆಯ ದಿನ ನಾದಿನಿಯ ಸಸಿಗಳಲ್ಲಿ ಅರ್ಧ ನೆಲಕಚ್ಚಿದ್ದವು. ಅತ್ತಿಗೆಯವು ಎಲೆ ಸುರುಳಿ ಸುತ್ತಿಕೊಂಡು ಹಸಿರಾಗಿಯೇ ನಿಂತಿದ್ದವು. ಬೇರು ನೋಡಲೆಂದು ತಕ್ಕಡಿ ಕುಂಡ ಬೋರಲು ಹಾಕಿದರು. ಧೂಳಿನಂಥ ಮಣ್ಣಿನ ಜೊತೆ ಕಲ್ಲು ಉದುರಿದವು.

“ಸರ್, ನೀರೇ ಇಲ್ದೆ ಬದುಕಿವೆ ಇವು!” ಅತ್ತಿಗೆ ಕುಣಿಯುವುದೊಂದು ಬಾಕಿ.

“ಅತ್ತಿಗೇನೇ ಕದ್ದು ನೀರು ಹಾಕ್ಕೊಂಡು, ನೀರಿಲ್ದೆ ಬದುಕಿಸಿದ್ರು ಅನ್ನೋ ಹೆಸರು ಬರ್ಲಿ ಅಂತ ಕಲ್ಲೂ ಹಾಕಿದಾರೆ,” ಎಂದಳು ನಾದಿನಿ ಮೆಲ್ಲಗೆ.

ಇಷ್ಟು ದಿನ ತೂಗಿದ್ದು ಕಲ್ಲನ್ನು ಎಂದು ಒಪ್ಪಿಕೊಂಡರೆ ತಕ್ಕಡಿಯ ಮಾನ ಹೋಗುತ್ತಿತ್ತು. ಅವರು ಮೋಸ ಮಾಡಿದಳೆಂದು ಅತ್ತಿಗೆಯನ್ನು ಗೇಟಿನ ಹೊರಗೆ ಕಳಿಸಿ, ನಾದಿನಿಗೆ ಹುದ್ದೆ ಕೊಟ್ಟರು.

ಸಂಜೆ ನಾದಿನಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. “ಅತ್ತಿಗೆ, ಉಪ್ಪು ಎಷ್ಟು ಹಾಕ್ಬೇಕು? ನಿಮ್ಮ ಬೀಜ ಒಂದೇ ಪೊಟ್ಟಣ ಉಳಿದಿದೆ. ಅದನ್ನೇ ಬಿತ್ತು ಅಂದಿದಾರೆ ಸಾಹೇಬ್ರು.”

ಗಂಡ ಟೀವಿಯಿಂದ ಕಣ್ಣು ತೆಗೆಯಲಿಲ್ಲ. “ಹೇಳ್ಬಿಡೇ. ನನ್ನ ತಂಗಿ ಸಂಬಳ ಈ ಮನೆಗೇ ತಾನೆ ಬರೋದು?”

ಸುಳ್ಳು ಹೇಳಲು ಅತ್ತಿಗೆಯ ನಾಲಿಗೆ ತುರಿಸಿತು. ಸುಳ್ಳು ಹೇಳಿದರೆ ಸಾಯುವುದು ತನ್ನ ಬೀಜವೇ. ಹಲ್ಲು ಕಚ್ಚಿಕೊಂಡು ಸರಿಯಾದ ಅಳತೆಯನ್ನೇ ಹೇಳಿದಳು.

“ಒಂದು ಚಿಟಿಕೆನಾ?” ನಾದಿನಿ ನಕ್ಕಳು. “ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ನಿಜ ಹೇಳ್ತಿದ್ನಾ?”

ಮಾರನೆಯ ಬೆಳಗ್ಗೆ ಅವಳು ಬೀಜ ನೆನೆಸುವ ನೀರಿಗೆ ಹಿಡಿ ತುಂಬ ಉಪ್ಪು ಸುರಿದಳು. ಒಂದು ಬೀಜವೂ ಮೊಳೆಯಲಿಲ್ಲ.